ಹಳೆ ಸಿಸ್ಟಮ್, ಹೊಸ ಸಿಸ್ಟಮ್, ನಡುವೆ ತಾಳೆಯಾಗದ ಲೆಕ್ಕ

ಈ ಸಲದ ಪ್ರಶ್ನೋತ್ತರಕ್ಕೆ ದೊಡ್ಡ ಸಂಸ್ಥೆಗಳ ಸಾಫ್ಟ್‌ವೇರ್ ಕಟ್ಟುವವರೂ ಕಟ್ಟಿಸಿಕೊಳ್ಳುವವರೂ ಬರೆದಿದ್ದಾರೆ. ಯಾವ ಪ್ರೋಗ್ರಾಮಿಂಗ್ ಭಾಷೆ, ಯಾವ ಕ್ಲೌಡ್ ಎಂಬ ಪ್ರಶ್ನೆಗಳನ್ನು ಬೇಕೆಂದೇ ಪಕ್ಕಕ್ಕಿಟ್ಟಿದ್ದೇವೆ. ಇಂಥ ಯೋಜನೆಗಳು ಮುಗ್ಗರಿಸುವ ಜಾಗ ಸಾಮಾನ್ಯವಾಗಿ ಅದಲ್ಲ.

ಪ್ರಶ್ನೆ: ನಮ್ಮ ಆರ್ಡರ್, ದಾಸ್ತಾನು, ಬಿಲ್ಲಿಂಗ್, ಲೆಕ್ಕಪತ್ರ ಎಲ್ಲವೂ ಇಪ್ಪತ್ತು ವರ್ಷ ಹಳೆಯ ಒಂದೇ ಸಾಫ್ಟ್‌ವೇರ್‌ನಲ್ಲಿವೆ. ಬರೆದವರು ಯಾರೂ ಈಗ ಕೆಲಸದಲ್ಲಿಲ್ಲ. ಹದಿನೆಂಟು ತಿಂಗಳಲ್ಲಿ ಹೊಸದಾಗಿ ಬರೆದು ಒಂದೇ ದಿನ ಬದಲಿಸಿಬಿಡೋಣ ಎಂದು ಮೇಲಿನವರು ಹೇಳುತ್ತಿದ್ದಾರೆ. ತುಂಡುತುಂಡಾಗಿ ಬದಲಿಸುವುದು ಮೇಲೇ?

ಉತ್ತರ: ತುಂಡುತುಂಡಾಗಿಯೇ ಬದಲಿಸಿ. ಆ ಹದಿನೆಂಟು ತಿಂಗಳು ಹಳೆಯದು ಸುಮ್ಮನೆ ನಿಂತಿರುವುದಿಲ್ಲ. ತೆರಿಗೆ ನಿಯಮ ಬದಲಾಗುತ್ತದೆ, ಹೊಸ ಗೋದಾಮು ಸೇರುತ್ತದೆ, ಯಾವುದೋ ದೊಡ್ಡ ಗ್ರಾಹಕ ಸಂಸ್ಥೆ ಬೇರೆ ನಮೂನೆಯ ಇನ್‌ವಾಯ್ಸ್ ಕೇಳುತ್ತದೆ. ಅಷ್ಟನ್ನೂ ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಬರೆಯಬೇಕು. ಹೊಸದು ಹಳೆಯದನ್ನು ಅಟ್ಟಿಸಿಕೊಂಡು ಹೋಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಚಾಕೊಲೇಟ್ ಕಂಪನಿ ಹರ್ಷೀಯ 1999ರ ಪ್ರಕರಣವನ್ನು ಈಗಲೂ ಪಾಠವಾಗಿ ಹೇಳುತ್ತಾರೆ. ಮೂರು ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ಜೋಡಿಸಿ, ಜುಲೈ ಹೊತ್ತಿಗೆ ಚಾಲೂ ಮಾಡಿದರು. ಅದು ಹಾಲೋವೀನ್ ಹಬ್ಬದ ಆರ್ಡರ್‌ಗಳು ಬಂದು ಬೀಳುವ ಕಾಲ. ಮಾಲು ಗೋದಾಮಿನಲ್ಲಿದ್ದರೂ ಅಂಗಡಿಗಳಿಗೆ ಕಳಿಸಲಾಗದೆ ಕೂರಬೇಕಾಯಿತು. ನಿಮ್ಮ ವ್ಯವಹಾರಕ್ಕೂ ಇಂಥದೊಂದು ಏರುಕಾಲ ಇರುತ್ತದೆ. ಗೋ-ಲೈವ್ ದಿನಾಂಕ (ಹೊಸದು ಚಾಲೂ ಆಗುವ ದಿನ) ಗೊತ್ತು ಮಾಡುವ ಮುಂಚೆ ಆ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಅಡ್ಡಗೆರೆ ಹೊಡೆದು ತೆಗೆದುಬಿಡಿ.

ತುಂಡುತುಂಡಾಗಿ ಬದಲಿಸುವ ರೀತಿಗೆ 2004ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಕೊಟ್ಟ ಹೆಸರು ಸ್ಟ್ರ್ಯಾಂಗ್ಲರ್ ಫಿಗ್ ಎಂಬ ಒಂದು ಜಾತಿಯ ಅತ್ತಿಮರದ್ದು. ಅದು ಇನ್ನೊಂದು ಮರದ ಕೊಂಬೆಯಲ್ಲಿ ಮೊಳೆತು, ಬೇರು ಇಳಿಬಿಟ್ಟು, ಕೊನೆಗೆ ಆ ಮರವನ್ನೇ ನುಂಗಿ ನಿಲ್ಲುತ್ತದೆ. ಮಾಡುವುದು ಹೀಗೆ: ಹಳೆಯ ಸಿಸ್ಟಮ್‌ನ ಮುಂದೆ ಒಂದು ರೂಟಿಂಗ್ ಪದರ ಇಡಿ. ಮೊದಲ ದಿನ ಅದು ಬಂದದ್ದನ್ನೆಲ್ಲ ಹಳೆಯದಕ್ಕೇ ದಾಟಿಸಲಿ. ಆಮೇಲೆ ಒಂದೊಂದೇ ಕೆಲಸವನ್ನು ಹೊಸದರ ಕಡೆ ತಿರುಗಿಸಿ, ಕೆಟ್ಟರೆ ಅದೇ ಪದರದಲ್ಲಿ ಹಿಂದಕ್ಕೆ ತಿರುಗಿಸಿ.

ಕೋಡ್ ಒಡೆಯುವುದು ಇದರಲ್ಲಿ ಸುಲಭದ ಭಾಗ. ಕಷ್ಟ ಇರುವುದು ಡೇಟಾ ಯಾರದ್ದು ಎಂದು ತೀರ್ಮಾನಿಸುವುದರಲ್ಲಿ. ಗ್ರಾಹಕರ ವಿಳಾಸವನ್ನು ಹಳೆಯದೂ ಬರೆಯುತ್ತದೆ, ಹೊಸದೂ ಬರೆಯುತ್ತದೆ, ರಾತ್ರಿ ಎರಡನ್ನೂ ಸಿಂಕ್ ಮಾಡುತ್ತೇವೆ ಎಂಬ ಏರ್ಪಾಡು ಒಂದು ವಾರ ಚೆನ್ನಾಗಿ ಕಾಣುತ್ತದೆ. ಒಂದೇ ದಿನ ಎರಡೂ ಕಡೆ ತಿದ್ದಿದ ಮೊದಲ ಗ್ರಾಹಕರಿಗೆ ಮಾಲು ತಪ್ಪು ವಿಳಾಸಕ್ಕೆ ಹೋದಾಗ ಅದರ ಬಣ್ಣ ಬಯಲಾಗುತ್ತದೆ. ಒಂದು ಟೇಬಲ್, ಒಬ್ಬನೇ ಬರೆಯುವವ; ಉಳಿದವರು ಓದಲಿ. ಈ ನಿಯಮಕ್ಕೆ ವಿನಾಯಿತಿ ಕೊಡಬೇಡಿ.

ಓದುವವರು ಯಾರ್ಯಾರು ಎಂಬುದೂ ನಿಮಗೆ ಗೊತ್ತಿರುವುದಿಲ್ಲ. ಡೇಟಾಬೇಸ್‌ಗೆ ಯಾವ ಲಾಗಿನ್‌ನಿಂದ, ಯಾವ ಯಂತ್ರದಿಂದ ಸಂಪರ್ಕ ಬರುತ್ತಿದೆ ಎಂಬ ದಾಖಲೆಯನ್ನು ಕನಿಷ್ಠ ಒಂದು ತ್ರೈಮಾಸಿಕ ಮುಕ್ತಾಯ ಒಳಗೊಳ್ಳುವಷ್ಟು ಕಾಲ ಇಡಿ. ಮೂರು ತಿಂಗಳಿಗೊಮ್ಮೆ ಓಡುವ, ಯಾರದೋ ಮೇಜಿನ ಕೆಳಗಿನ ಕಂಪ್ಯೂಟರಿನಲ್ಲಿರುವ ರಿಪೋರ್ಟ್ ಒಂದು ಸಿಕ್ಕೇ ಸಿಗುತ್ತದೆ.

ಮೊದಲ ತುಂಡಾಗಿ ಲೆಕ್ಕಪತ್ರವನ್ನು ಆರಿಸಬೇಡಿ, ಎಲ್ಲ ದಾರಿಗಳೂ ಅಲ್ಲಿಗೇ ಬಂದು ಸೇರುತ್ತವೆ. ರಜೆ ಅರ್ಜಿಯಂಥ ಹಗುರ ಕೆಲಸವೂ ಬೇಡ, ಅದರಿಂದ ಏನೂ ಕಲಿಯಲಾಗುವುದಿಲ್ಲ. ದಿನವೂ ನಡೆಯುವ, ನಿಂತರೆ ಒಂದು ದಿನ ಕಾಗದದ ಮೇಲೆ ತಳ್ಳಬಹುದಾದ ಕೆಲಸ ಒಂದನ್ನು ಹಿಡಿಯಿರಿ. ಗೋದಾಮಿಗೆ ಮಾಲು ಬಂದದ್ದನ್ನು ದಾಖಲಿಸುವುದು ಅಂಥದು. ಇನ್ನೊಂದು ಎಚ್ಚರಿಕೆ: ಈ ದಾರಿಯಲ್ಲಿ ಮುಕ್ಕಾಲು ಹಾದಿಗೆ ನಿಂತುಬಿಡುವವರೇ ಹೆಚ್ಚು. ಎರಡೂ ಸಿಸ್ಟಮ್‌ಗಳ ಖರ್ಚು ಹೊತ್ತುಕೊಂಡು ವರ್ಷಗಟ್ಟಲೆ ನಡೆಯಬೇಕಾಗುತ್ತದೆ. ಪ್ರತಿ ತುಂಡಿಗೂ ಹೊಸದು ಚಾಲೂ ಆಗುವ ದಿನಾಂಕದ ಜೊತೆಗೆ ಹಳೆಯ ಟೇಬಲ್ ಅಳಿಸುವ ದಿನಾಂಕವನ್ನೂ ಬರೆದಿಡಿ.

ಪ್ರಶ್ನೆ: ಸಿದ್ಧ ಇಆರ್‌ಪಿ (ಲೆಕ್ಕ, ದಾಸ್ತಾನು, ಸಂಬಳ ಎಲ್ಲವನ್ನೂ ಒಟ್ಟಿಗೆ ನಡೆಸುವ ಸಾಫ್ಟ್‌ವೇರ್) ಕೊಳ್ಳುವುದೋ, ನಾವೇ ಬರೆಸುವುದೋ? ಕೊಂಡರೆ ಎಷ್ಟರಮಟ್ಟಿಗೆ ನಮಗೆ ಬೇಕಾದಂತೆ ತಿದ್ದಿಸಬಹುದು?

ಉತ್ತರ: ಸಾಮಾನ್ಯ ಖಾತೆ, ಸ್ಥಿರಾಸ್ತಿ, ಸಂಬಳ ಇವುಗಳಲ್ಲಿ ನಿಮ್ಮ ಸಂಸ್ಥೆಗೆ ಪಕ್ಕದವರಿಗಿಂತ ವಿಶೇಷವೇನೂ ಇರುವುದಿಲ್ಲ; ಕೊಳ್ಳಿ. ನಿಮ್ಮ ಗ್ರಾಹಕರು ನಿಮ್ಮ ಬಳಿ ಬರುವುದಕ್ಕೇ ಕಾರಣವಾದ ಕೆಲಸ ಯಾವುದೋ ಅದನ್ನು ಬರೆಸಿ, ಆದರೆ ಇಆರ್‌ಪಿಯ ಒಳಗಲ್ಲ, ಹೊರಗೆ. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರೊಡನೆ ಮಾತಾಡುವ ಸಿದ್ಧ ಬಾಗಿಲು) ಮೂಲಕ ಜೋಡಿಸಿ. ಒಳಗಿನ ಕೋಡ್ ತಿದ್ದಿಸಿದರೆ ಪ್ರತಿ ಅಪ್‌ಗ್ರೇಡ್‌ಗೂ ಆ ತಿದ್ದುಪಡಿಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಮೂರನೇ ಅಪ್‌ಗ್ರೇಡ್ ಹೊತ್ತಿಗೆ ಅದು ಯಾರಿಗೂ ಬೇಡವಾಗಿ, ಬೆಂಬಲವಿಲ್ಲದ ಆವೃತ್ತಿಯಲ್ಲಿ ಸಿಕ್ಕಿಬೀಳುತ್ತೀರಿ.

ಜರ್ಮನಿಯ ಚಿಲ್ಲರೆ ಮಾರಾಟ ಸಂಸ್ಥೆ ಲಿಡ್ಲ್ ಏಳು ವರ್ಷ ನಡೆಸಿದ ಎಸ್‌ಎಪಿ ಎಂಬ ಇಆರ್‌ಪಿಯ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಆಗ ಬಂದ ವರದಿಗಳ ಪ್ರಕಾರ ಖರ್ಚು ಸುಮಾರು 50 ಕೋಟಿ ಯೂರೋ. ವರದಿಗಳು ಎತ್ತಿ ಹೇಳಿದ ಒಂದು ಕಾರಣ ಗಮನಿಸಿ: ಲಿಡ್ಲ್ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು, ಸಾಫ್ಟ್‌ವೇರಿನ ಸಿದ್ಧ ಪದ್ಧತಿ ಮಾರಾಟ ಬೆಲೆಯದ್ದಾಗಿತ್ತು. ಸಂಸ್ಥೆ ತನ್ನ ಪದ್ಧತಿ ಬಿಡಲಿಲ್ಲ. ಕೇಳಲು ಇದು ಒಂದು ಕಾಲಂ ಬದಲಾವಣೆಯಂತಿದೆ. ಆದರೆ ದಾಸ್ತಾನಿನ ಬೆಲೆ ಖರೀದಿ, ವರ್ಗಾವಣೆ, ನಷ್ಟ, ರಿಯಾಯಿತಿ, ವರ್ಷಾಂತ್ಯದ ಲೆಕ್ಕ ಎಲ್ಲದರೊಳಗೂ ಹರಿಯುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ನಡೆಸುವ ಫಿಟ್-ಗ್ಯಾಪ್ (ಸಾಫ್ಟ್‌ವೇರ್ ನಿಮಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬ) ಪರಿಶೀಲನೆಯಲ್ಲಿ ವ್ಯತ್ಯಾಸಗಳ ಸಂಖ್ಯೆ ಎಣಿಸಬೇಡಿ. ಒಂದೊಂದು ವ್ಯತ್ಯಾಸವೂ ಎಷ್ಟು ಮಾಡ್ಯೂಲ್‌ಗಳನ್ನು ಮುಟ್ಟುತ್ತದೆ ಎಂದು ಎಣಿಸಿ. ಇನ್‌ವಾಯ್ಸ್ ವಿನ್ಯಾಸದ ನಲವತ್ತು ವ್ಯತ್ಯಾಸಗಳಿಗಿಂತ ಬೆಲೆಕಟ್ಟುವ ಪದ್ಧತಿಯ ಒಂದೇ ವ್ಯತ್ಯಾಸ ಭಾರ.

ಪ್ರಶ್ನೆ: ಯೋಜನೆ ನಾಲ್ಕು ತಿಂಗಳು ಹಿಂದೆ ಬಿದ್ದಿದೆ. ಆರು ಜನರ ತಂಡವನ್ನು ಹನ್ನೆರಡಕ್ಕೆ ಏರಿಸಿದರೆ ಸರಿಹೋದೀತೇ?

ಉತ್ತರ: ಇನ್ನಷ್ಟು ಹಿಂದೆ ಬೀಳುತ್ತದೆ. ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಲೆಕ್ಕ ಸರಳ: ಆರು ಜನರ ನಡುವೆ ಮಾತುಕತೆಯ ದಾರಿಗಳು 15, ಹನ್ನೆರಡು ಜನರ ನಡುವೆ 66. ಹೊಸಬರಿಗೆ ಕಲಿಸುವವರು ನಿಮ್ಮಲ್ಲಿ ಚೆನ್ನಾಗಿ ಕೆಲಸ ಬಲ್ಲವರೇ. ಕೆಲಸ ಕಡಿಮೆ ಮಾಡಿ, ಅಥವಾ ದಿನಾಂಕ ಮುಂದೂಡಿ. ಜನ ಸೇರಿಸಲೇಬೇಕಾದರೆ ಪರೀಕ್ಷೆಯ ಡೇಟಾ ಸಿದ್ಧಪಡಿಸುವುದು, ರಿಪೋರ್ಟ್‌ಗಳು, ತರಬೇತಿಯಂಥ ಅಂಚಿನ ಕೆಲಸಗಳಿಗೆ ಸೇರಿಸಿ.

ಪ್ರಶ್ನೆ: ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸಬೇಕು. ಕಟ್‌ಓವರ್‌ಗೆ (ಹಳೆಯದನ್ನು ನಿಲ್ಲಿಸಿ ಹೊಸದಕ್ಕೆ ದಾಟುವುದಕ್ಕೆ) ಒಂದು ವಾರಾಂತ್ಯ ಮಾತ್ರ ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ, ಎಲ್ಲೆಲ್ಲಿ ಎಡವುತ್ತೇವೆ?

ಉತ್ತರ: ಏನನ್ನು ಸಾಗಿಸಬಾರದು ಎಂಬುದರಿಂದ ಶುರು ಮಾಡಿ. ಹೊಸದರಲ್ಲಿ ಬೇಕಾಗಿರುವುದು ಮಾಸ್ಟರ್ ಡೇಟಾ (ಗ್ರಾಹಕರು, ಪೂರೈಕೆದಾರರು, ಐಟಂಗಳ ಪಟ್ಟಿ), ಇನ್ನೂ ಮುಗಿಯದ ವಹಿವಾಟು, ಓಪನಿಂಗ್ ಬ್ಯಾಲೆನ್ಸ್. ಹತ್ತು ವರ್ಷದ ಹಿಂದೆ ಮುಗಿದುಹೋದ ಇನ್‌ವಾಯ್ಸ್‌ಗಳು ಓದಲಷ್ಟೇ ಸಿಗುವ ಆರ್ಕೈವ್‌ನಲ್ಲಿರಲಿ.

ಎರಡನೆಯದು, ನೇರವಾಗಿ ಹೊಸ ಟೇಬಲ್‌ಗಳಿಗೆ ಸುರಿಯಬೇಡಿ. ಹಳೆಯದರಿಂದ ತೆಗೆದದ್ದನ್ನು ಇದ್ದ ಹಾಗೆಯೇ, ಎಲ್ಲ ಕಾಲಂಗಳೂ ಪಠ್ಯವಾಗಿರುವ ಸ್ಟೇಜಿಂಗ್ ಟೇಬಲ್‌ಗೆ ಹಾಕಿ. ಶುದ್ಧೀಕರಣ ಅಲ್ಲಿ ನಡೆಯಲಿ. ಅಲ್ಲಿಂದ ಹೊಸ ಸಿಸ್ಟಮ್‌ನ ಇಂಪೋರ್ಟ್ ಪ್ರೋಗ್ರಾಂ ಅಥವಾ ಎಪಿಐ ಮೂಲಕವೇ ಒಳಗೆ ಬಿಡಿ. ಹಿಂಬಾಗಿಲಿನಿಂದ ತುಂಬಿದ ದಾಖಲೆಗಳು ಅಂದು ಸರಿಯಾಗಿಯೇ ಕಾಣುತ್ತವೆ. ಮೂರು ವಾರದ ನಂತರ ಯಾರೋ ಅವುಗಳಲ್ಲೊಂದನ್ನು ತಿದ್ದಿ ಸೇವ್ ಒತ್ತಿದಾಗ ಎರರ್ ಬರುತ್ತದೆ.

ಸ್ಪ್ರೆಡ್‌ಶೀಟ್ ನಡುವೆ ಬರುವುದನ್ನು ತಡೆಯಿರಿ. 00457 ಎಂಬ ಐಟಂ ಕೋಡ್ ಅದರಲ್ಲಿ ತೆರೆದರೆ 457 ಆಗುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ಹಾಗಾಗಿ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ದಿನಾಂಕ ಇನ್ನೂ ಕಪಟಿ: ದಿನ ಮತ್ತು ತಿಂಗಳು ಅದಲುಬದಲಾದರೆ 12ರ ನಂತರದ ದಿನಗಳು ಎರರ್ ಕೊಡುತ್ತವೆ, ಕಣ್ಣಿಗೆ ಬೀಳುತ್ತವೆ, 12ರ ಒಳಗಿನವು ಸದ್ದಿಲ್ಲದೆ ಬೇರೆ ತಿಂಗಳಿಗೆ ಹಾರಿಬಿಡುತ್ತವೆ. ಎರರ್ ಬಂದ ಸಾಲುಗಳನ್ನಷ್ಟೇ ಸರಿಪಡಿಸಿ ಮುಂದೆ ಹೋದವರು ಉಳಿದದ್ದನ್ನು ಗಮನಿಸುವುದೇ ಇಲ್ಲ. ಕಾಲಂ ಉದ್ದವನ್ನೂ ನೋಡಿಕೊಳ್ಳಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷ’ ಒಂದು ಅಕ್ಷರವೆಂದು ನಾವು ಎಣಿಸಿದರೂ ಒಳಗೆ ಅದು ಮೂರು ಸಂಕೇತ, 9 ಬೈಟ್. ಬೈಟ್ ಲೆಕ್ಕದಲ್ಲಿ 30ರ ಮಿತಿ ಇಟ್ಟ ಹೆಸರಿನ ಕಾಲಂನಲ್ಲಿ ಲಕ್ಷ್ಮಿಯೂ ನಾರಾಯಣನೂ ಒಟ್ಟಿಗೆ ಹಿಡಿಸುವುದಿಲ್ಲ.

ಅತಿ ಹೆಚ್ಚು ಜಗಳ ತರುವುದು ಅರ್ಧ ಮುಗಿದ ವಹಿವಾಟುಗಳು. ಒಂದು ಖರೀದಿ ಆರ್ಡರ್ ತೆಗೆದುಕೊಳ್ಳಿ: 100 ಕೇಳಿದ್ದು, 60 ಬಂದಿದೆ, 40ಕ್ಕೆ ಮಾತ್ರ ಇನ್‌ವಾಯ್ಸ್ ಬಂದಿದೆ. ‘ಬರಬೇಕಾದ್ದು 40 ಉಳಿದಿದೆ’ ಎಂದು 40ರ ಹೊಸ ಆರ್ಡರ್ ಮಾಡಿ ಸಾಗಿಸುತ್ತಾರೆ. ಎಣಿಕೆ ತಾಳೆಯಾಗುತ್ತದೆ. ಆದರೆ ಬಂದೂ ಬಿಲ್ ಆಗದ 20 ಎಲ್ಲಿ ಹೋಯಿತು? ಮುಂದಿನ ವಾರ ಪೂರೈಕೆದಾರರ ಇನ್‌ವಾಯ್ಸ್ ಬಂದಾಗ ಅದನ್ನು ಹೊಂದಿಸಲು ಹೊಸ ಸಿಸ್ಟಮ್‌ನಲ್ಲಿ ರಸೀದಿಯೇ ಇಲ್ಲ, ಹಣ ತಡೆಹಿಡಿಯಲ್ಪಡುತ್ತದೆ. 100ರ ಆರ್ಡರ್, 60ರ ರಸೀದಿ, 40ರ ಇನ್‌ವಾಯ್ಸ್ ಮೂರನ್ನೂ ಸಾಗಿಸಿ. ಆದರೆ ರಸೀದಿ ಒಳಹೋಗುವಾಗ ದಾಸ್ತಾನು ಮತ್ತೊಮ್ಮೆ ಏರದಂತೆ ನೋಡಿಕೊಳ್ಳಿ. ಆ 60 ಆಗಲೇ ಓಪನಿಂಗ್ ದಾಸ್ತಾನಿನಲ್ಲಿ ಸೇರಿರುತ್ತದೆ. ಇಂಥ ಆರ್ಡರ್‌ಗಳು ಕೆಲವೇ ನೂರು ಇದ್ದರೆ ಕಟ್‌ಓವರ್‌ಗೆ ಮುಂಚೆಯೇ ಪೂರೈಕೆದಾರರಿಂದ ಬಿಲ್ ತರಿಸಿ ಮುಗಿಸುವುದು ಅಗ್ಗ.

ಎರಡು ಮೂರು ಕಡೆ ಬೇರೆ ಬೇರೆ ಕಾಗುಣಿತದಲ್ಲಿರುವ ಒಬ್ಬರೇ ಪೂರೈಕೆದಾರರನ್ನು ಒಂದಾಗಿಸಿದಾಗ, ಯಾವ ಹಳೆಯ ಸಂಖ್ಯೆ ಯಾವ ಹೊಸ ಸಂಖ್ಯೆಯಾಯಿತು ಎಂಬ ನಕ್ಷೆಯ ಟೇಬಲ್ ಇಡಿ. ಯೋಜನೆ ಮುಗಿದ ಮೇಲೆ ಅದನ್ನು ಅಳಿಸಬೇಡಿ. ಆಡಿಟ್‌ನವರು ಮೊದಲು ಕೇಳುವುದು ಅದನ್ನೇ.

ತಾಳೆ ನೋಡುವಾಗ ಒಟ್ಟು ಮೊತ್ತವನ್ನು ನಂಬಬೇಡಿ. ಇಬ್ಬರು ಗ್ರಾಹಕರ ಬಾಕಿ ಪರಸ್ಪರ ಬದಲಾಗಿದ್ದರೂ ಒಟ್ಟು ಸರಿಯಾಗಿಯೇ ಬರುತ್ತದೆ. ಸಾಲುಗಳ ಎಣಿಕೆ, ಖಾತೆವಾರು ಮೊತ್ತ, ಗ್ರಾಹಕವಾರು ಬಾಕಿ, ಐಟಂ ಮತ್ತು ಗೋದಾಮುವಾರು ದಾಸ್ತಾನು, ಪ್ರತಿ ಹಂತದಲ್ಲೂ ಎರಡು ಕಡೆಯ ಅಂಕಿಗಳನ್ನು ಪ್ರೋಗ್ರಾಂ ಹೋಲಿಸಿ ವ್ಯತ್ಯಾಸದ ಪಟ್ಟಿ ಕೊಡಲಿ. ಅದರ ಮೇಲೆ ಯಾದೃಚ್ಛಿಕವಾಗಿ ಆರಿಸಿದ ಇನ್ನೂರು ದಾಖಲೆಗಳನ್ನು ಆಯಾ ವಿಭಾಗದವರೇ ಪರದೆಯ ಮೇಲೆ ನೋಡಿ ಸಹಿ ಹಾಕಲಿ. ಸಹಿ ಹಾಕಬೇಕಾದವರು ಲೆಕ್ಕದ ವಿಭಾಗದವರು, ಐಟಿಯವರಲ್ಲ.

ಇನ್ನು ವಾರಾಂತ್ಯ. 4 ಕೋಟಿ ಸಾಲುಗಳು, ಸೆಕೆಂಡಿಗೆ 500ರಂತೆ ಹೋದರೆ 80,000 ಸೆಕೆಂಡ್, ಅಂದರೆ 22 ಗಂಟೆ ದಾಟುತ್ತದೆ. ಈ ವೇಗವನ್ನು ಊಹಿಸಬೇಡಿ, ಅಳೆಯಿರಿ. ಪೂರ್ತಿ ಡೇಟಾ ಇಟ್ಟುಕೊಂಡು ಕನಿಷ್ಠ ಮೂರು ತಾಲೀಮು ನಡೆಸಿ, ಪ್ರತಿ ಹೆಜ್ಜೆಗೂ ಹಿಡಿದ ನಿಮಿಷ ಬರೆದಿಡಿ. ಶುಕ್ರವಾರ ಸಂಜೆ 6ಕ್ಕೆ ಹಳೆಯದನ್ನು ನಿಲ್ಲಿಸಿ, ಸೋಮವಾರ ಬೆಳಿಗ್ಗೆ 6ಕ್ಕೆ ತೆರೆಯಬೇಕೆಂದರೆ 60 ಗಂಟೆ ಸಿಗುತ್ತದೆ. ಹಿಂದಕ್ಕೆ ಹೋಗಲು 8 ಗಂಟೆ, ಹೋದ ಮೇಲೆ ಹಳೆಯದು ಸರಿಯಿದೆಯೇ ಎಂದು ನೋಡಲು 2 ಗಂಟೆ ಬೇಕಾದರೆ, ಮುಂದೆ ಹೋಗುವುದೋ ಹಿಂದಿರುಗುವುದೋ ಎಂಬ ನಿರ್ಧಾರದ ಗಡುವು ಭಾನುವಾರ ರಾತ್ರಿ 8. ಆ ಹೊತ್ತಿನಲ್ಲಿ ಹೂಂ ಅಥವಾ ಉಹೂಂ ಹೇಳುವ ಒಬ್ಬರ ಹೆಸರನ್ನು ಎರಡು ವಾರ ಮುಂಚೆಯೇ ಬರೆದಿಡಿ. ಆಗ ಏಳು ಜನರ ಸಭೆ ಕರೆಯಲು ಹೊರಟರೆ ಗಡುವು ಸಭೆಯಲ್ಲೇ ಕಳೆಯುತ್ತದೆ.

ಸಣ್ಣದೆಂದು ಮರೆಯುವ ಎರಡು ಕೆಲಸಗಳಿವೆ. ಹಳೆಯದನ್ನು ನಿಲ್ಲಿಸುವ ಮುಂಚೆ ಕ್ಯೂಗಳಲ್ಲಿ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕಳಿಸುವ ಸಂದೇಶಗಳ ಸಾಲುಗಳಲ್ಲಿ) ಕಾದಿರುವ ಸಂದೇಶಗಳು ಖಾಲಿಯಾಗಲಿ. ಹಾಗೆಯೇ ಇನ್‌ವಾಯ್ಸ್ ಸಂಖ್ಯೆಯ ಕೌಂಟರನ್ನು ಹಳೆಯ ಗರಿಷ್ಠ ಸಂಖ್ಯೆಗಿಂತ ಮೇಲೆ ಇಡಿ. ಇದನ್ನು ಮರೆತು ಸೋಮವಾರದ ಮೊದಲ ಇನ್‌ವಾಯ್ಸ್ ‘1’ ಎಂದು ಅಚ್ಚಾಗುವುದು ನೀವೆಣಿಸುವುದಕ್ಕಿಂತ ಸಾಮಾನ್ಯ.

ಪ್ರಶ್ನೆ: ಆರ್ಡರ್ ಸರ್ವಿಸ್ ಕ್ಯೂ ಮೂಲಕ ದಾಸ್ತಾನು ಸರ್ವಿಸ್‌ಗೆ ಸಂದೇಶ ಕಳಿಸುತ್ತದೆ. ತಿಂಗಳಲ್ಲಿ ನಾಲ್ಕೈದು ಸಲ ದಾಸ್ತಾನು ಎರಡು ಬಾರಿ ಕಡಿತವಾಗುತ್ತದೆ, ಕೆಲವೊಮ್ಮೆ ಕಡಿತವೇ ಆಗುವುದಿಲ್ಲ. ಲಾಗ್‌ನಲ್ಲಿ ಯಾವ ಎರರ್ ಕೂಡ ಇಲ್ಲ.

ಉತ್ತರ: ಎರಡು ಬೇರೆ ಕಾಯಿಲೆಗಳು, ಒಟ್ಟಿಗೆ ಬಂದಿವೆ.

ಕಡಿತವೇ ಆಗದಿರುವುದಕ್ಕೆ ಕಾರಣ ಇಷ್ಟು: ಆರ್ಡರ್ ಡೇಟಾಬೇಸ್‌ನಲ್ಲಿ ಉಳಿಯಿತು, ಸಂದೇಶ ಕಳಿಸುವ ಮೊದಲು ಪ್ರೋಗ್ರಾಂ ಸತ್ತಿತು. ಕ್ರಮ ತಿರುಗಿಸಿ ಮೊದಲು ಸಂದೇಶ ಕಳಿಸಿದರೆ, ಆರ್ಡರ್ ರೋಲ್‌ಬ್ಯಾಕ್ ಆಗಿಯೂ (ಉಳಿಯದೆ ರದ್ದಾಗಿಯೂ) ದಾಸ್ತಾನು ಇಳಿಯುತ್ತದೆ. ಡೇಟಾಬೇಸ್ ಮತ್ತು ಕ್ಯೂ ಎರಡೂ ಬೇರೆ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಪೂರ್ತಿ ಆಗುವ ಇಲ್ಲವೇ ಏನೂ ಆಗದ ಬದಲಾವಣೆಗಳ ಗಂಟಿನಲ್ಲಿ) ಇಲ್ಲ. ಆದ್ದರಿಂದ ಕ್ಯೂಗೆ ನೇರವಾಗಿ ಕಳಿಸುವುದನ್ನು ಬಿಟ್ಟುಬಿಡಿ. ಅದೇ ಡೇಟಾಬೇಸ್‌ನಲ್ಲಿ ಔಟ್‌ಬಾಕ್ಸ್ ಎಂಬ ಟೇಬಲ್ ಮಾಡಿ: ಸಂದೇಶದ ಗುರುತು, ಆರ್ಡರ್ ಸಂಖ್ಯೆ, ವಿಷಯ, ಸೃಷ್ಟಿಯಾದ ಸಮಯ, ಕಳಿಸಿದ ಸಮಯ. ಆರ್ಡರ್ ಸಾಲು, ಔಟ್‌ಬಾಕ್ಸ್ ಸಾಲು ಒಂದೇ ಕಮಿಟ್‌ನಲ್ಲಿ (ಟ್ರಾನ್ಸಾಕ್ಷನ್ ಖಾಯಂ ಆಗುವ ಹೆಜ್ಜೆಯಲ್ಲಿ) ಹೋಗಲಿ. ಬೇರೊಂದು ಪ್ರೋಗ್ರಾಂ ಔಟ್‌ಬಾಕ್ಸ್ ಓದಿ ಕ್ಯೂಗೆ ಹಾಕಿ, ಕಳಿಸಿದ ಸಮಯ ಬರೆಯಲಿ.

ಇಲ್ಲಿ ಅನುಭವಿಗಳೂ ಜಾರುವ ಜಾಗವೊಂದಿದೆ. ‘ಕಳೆದ ಸಲ ಓದಿದ್ದು 99ನೇ ಸಾಲು, ಈಗ ಅದಕ್ಕಿಂತ ದೊಡ್ಡದನ್ನು ಕೊಡು’ ಎಂದು ಓದಿದರೆ ಕೆಲವು ಸಾಲುಗಳು ತಪ್ಪಿಹೋಗುತ್ತವೆ. 100 ಪಡೆದ ಟ್ರಾನ್ಸಾಕ್ಷನ್ ನಿಧಾನ, 101 ಪಡೆದದ್ದು ಮೊದಲು ಕಮಿಟ್ ಆಯಿತು ಎನ್ನಿ. ಓದುವ ಪ್ರೋಗ್ರಾಂ 101 ನೋಡಿ ಮುಂದೆ ಸಾಗುತ್ತದೆ. ಆಮೇಲೆ ಕಮಿಟ್ ಆದ 100ನ್ನು ಯಾರೂ ನೋಡುವುದಿಲ್ಲ. ‘ಕಳಿಸಿದ ಸಮಯ ಖಾಲಿ ಇರುವ ಸಾಲುಗಳು’ ಎಂದೇ ಓದಿ. ಕಳಿಸಿ ಏಳು ದಿನವಾದವನ್ನು ಅಳಿಸಿ, ಇಲ್ಲದಿದ್ದರೆ ಟೇಬಲ್ ಊದಿಕೊಳ್ಳುತ್ತದೆ.

ಎರಡು ಬಾರಿ ಕಡಿತ ಏಕೆ? ಕ್ಯೂಗೆ ಹಾಕಿ, ‘ಕಳಿಸಿದೆ’ ಎಂದು ಬರೆಯುವ ಮೊದಲು ಪ್ರೋಗ್ರಾಂ ಸತ್ತರೆ ಅದೇ ಸಂದೇಶ ಮತ್ತೆ ಹೋಗುತ್ತದೆ. ಪಡೆದ ಕಡೆ ಕೆಲಸ ಮುಗಿಸಿ ಕ್ಯೂಗೆ ಉತ್ತರ ಕೊಡುವ ಮೊದಲು ಸತ್ತರೂ ಅದೇ ಕಥೆ. ಇದನ್ನು ಪೂರ್ತಿ ತಡೆಯಲಾಗದು. ‘ಒಮ್ಮೆಯಾದರೂ ತಲುಪುತ್ತದೆ’ ಎಂಬುದಷ್ಟೇ ಕ್ಯೂ ಕೊಡುವ ಮಾತು. ಆದ್ದರಿಂದ ದಾಸ್ತಾನು ಸರ್ವಿಸ್‌ನಲ್ಲಿ ‘ಮುಗಿಸಿದ ಸಂದೇಶಗಳು’ ಎಂಬ ಟೇಬಲ್ ಇಟ್ಟು, ಸಂದೇಶದ ಗುರುತಿಗೆ ಯುನೀಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿ. ಆ ಸಾಲು ಸೇರಿಸುವುದು, ದಾಸ್ತಾನು ಇಳಿಸುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ. ನಿರ್ಬಂಧ ಅಡ್ಡಬಂದರೆ ಕೆಲಸ ಆಗಲೇ ಆಗಿದೆ ಎಂದರ್ಥ, ಕ್ಯೂಗೆ ‘ಸರಿ’ ಎಂದು ಹೇಳಿ ಬಿಡಿ. ಮೊದಲು ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಸೇರಿಸುವ ಕೋಡ್ ಸಾಲದು. ಒಂದೇ ಕ್ಷಣದಲ್ಲಿ ಬಂದ ಎರಡು ಪ್ರತಿಗಳೂ ‘ಇಲ್ಲ’ ಎಂದೇ ಕಾಣುತ್ತವೆ. ಮರುಯತ್ನದಲ್ಲಿ ಪ್ರತಿ ಸಲ ಹೊಸ ಗುರುತು ಹುಟ್ಟಿಸುತ್ತಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ, ಮೊದಲು ಅದನ್ನೇ ಪರೀಕ್ಷಿಸಿ. ನಿಮ್ಮ ಲಾಗ್‌ನಲ್ಲಿ ಎರರ್ ಇಲ್ಲದಿರುವುದಕ್ಕೆ ಕಾರಣವೂ ಬಹುಶಃ ಇದೇ: ಕಂಪ್ಯೂಟರಿನ ದೃಷ್ಟಿಯಲ್ಲಿ ಅವೆರಡೂ ಬೇರೆ ಬೇರೆ ಆರ್ಡರ್‌ಗಳೇ.

ಪಾವತಿಗೂ ಇದೇ ಮಾತು. ಪಾವತಿ ನಡೆಸಿಕೊಡುವ ಗೇಟ್‌ವೇಯಿಂದ 30 ಸೆಕೆಂಡ್ ಉತ್ತರ ಬಾರದಿದ್ದರೆ ಪಾವತಿ ವಿಫಲ ಎಂದು ಬರೆಯಬೇಡಿ. ಆಗಿದೆಯೋ ಇಲ್ಲವೋ ತಿಳಿಯದು, ಅಷ್ಟೇ. ‘ಗೊತ್ತಿಲ್ಲ’ ಎಂಬ ಮೂರನೇ ಸ್ಥಿತಿಯನ್ನು ಡೇಟಾಬೇಸ್‌ನಲ್ಲಿ ಇಟ್ಟು, ಅದೇ ಗುರುತಿನಿಂದ ಸ್ಥಿತಿ ವಿಚಾರಿಸಿ, ದಿನದ ಕೊನೆಗೆ ಗೇಟ್‌ವೇ ಕೊಡುವ ಪಟ್ಟಿಯೊಡನೆ ತಾಳೆ ನೋಡಿ.

ಐದು ಸಲ ಯತ್ನಿಸಿಯೂ ಆಗದ ಸಂದೇಶಗಳು ಪಕ್ಕದ ಡೆಡ್-ಲೆಟರ್ ಕ್ಯೂಗೆ ಹೋಗುತ್ತವೆ. ಅದನ್ನು ದಿನವೂ ಯಾರು ನೋಡುತ್ತಾರೆ? ಉತ್ತರವಿಲ್ಲದಿದ್ದರೆ ನಿಮ್ಮ ಕಾಣೆಯಾದ ಕಡಿತಗಳಲ್ಲಿ ಕೆಲವು ಈಗಲೂ ಅಲ್ಲೇ ಕೂತಿರಬಹುದು. ಇವತ್ತೇ ತೆರೆದು ನೋಡಿ.

ಪ್ರಶ್ನೆ: ಕರಾರಿನಲ್ಲಿ 99.99 ಶೇಕಡಾ ಲಭ್ಯತೆ ಕೇಳಿದ್ದಾರೆ. ಒಪ್ಪಬಹುದೇ?

ಉತ್ತರ: ವರ್ಷಕ್ಕೆ 8,760 ಗಂಟೆ. 99.9 ಎಂದರೆ 8 ಗಂಟೆ 45 ನಿಮಿಷದ ನಿಲುಗಡೆಗೆ ಅವಕಾಶ. 99.99 ಎಂದರೆ ಬರೀ 52 ನಿಮಿಷ ಚಿಲ್ಲರೆ, ಇಡೀ ವರ್ಷಕ್ಕೆ. ರಾತ್ರಿ ಅಲಾರಂ ಬಂದು ಒಬ್ಬರು ಎದ್ದು ಲಾಗಿನ್ ಆಗುವುದಕ್ಕೇ ಹದಿನೈದು ನಿಮಿಷ ಬೇಕು. ಮೂರು ಸಲ ಹಾಗಾದರೆ ಕೋಟಾ ಮುಗಿಯಿತು. ನಿಮ್ಮ ಒಂದು ಆರ್ಡರ್ ಸಾಲಾಗಿ ಐದು ಸರ್ವಿಸ್‌ಗಳನ್ನು ದಾಟಿ, ಪ್ರತಿಯೊಂದೂ 99.9 ಇದ್ದರೆ ಒಟ್ಟು ಲಭ್ಯತೆ ಸುಮಾರು 99.5ಕ್ಕೆ ಇಳಿಯುತ್ತದೆ, ವರ್ಷಕ್ಕೆ 43 ಗಂಟೆಗೂ ಮೇಲೆ. ಮನುಷ್ಯರ ಕೈ ಬೇಡದ ಫೇಲ್‌ಓವರ್ (ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುವ ಏರ್ಪಾಡು) ಇಲ್ಲದೆ ಆ ಅಂಕಿಗೆ ಸಹಿ ಹಾಕಬೇಡಿ. ಯೋಜಿತ ನಿರ್ವಹಣೆಯ ಸಮಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನೂ ಕರಾರಿನಲ್ಲೇ ಬರೆಸಿ.

ಇದಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳನ್ನು ಎದುರಿನವರು ಕೇಳಿಲ್ಲ: ಕೆಟ್ಟರೆ ಎಷ್ಟು ಹೊತ್ತಿನ ಡೇಟಾ ಕಳೆದುಕೊಳ್ಳಬಹುದು, ಎಷ್ಟು ಹೊತ್ತಿನಲ್ಲಿ ಎದ್ದು ನಿಲ್ಲಬೇಕು. ಕೋಡ್ ಇಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್ ವಿಧಾನಗಳು ಹಲವಿದ್ದವು. ದಿನದ ಬ್ಯಾಕಪ್ ಮಾತ್ರ ಪ್ರೋಗ್ರಾಂ ಆವೃತ್ತಿ ಹೊಂದದೆ ಆಗುತ್ತಲೇ ಇರಲಿಲ್ಲ; ವಿಫಲವಾಯಿತೆಂದು ಹೇಳುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ಡೇಟಾ ಹೋಯಿತು. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಖಾಲಿ ಯಂತ್ರದಲ್ಲಿ ಮರಳಿ ಏರಿಸಿ, ಹಿಡಿದ ಸಮಯ ಬರೆಯಿರಿ. ಆ ಅಂಕಿಯನ್ನೇ ಕರಾರಿಗೆ ಹಾಕಿ.

ಪ್ರಶ್ನೆ: ಲೋಡ್ ಟೆಸ್ಟ್ ಪಾಸಾಗಿತ್ತು. ಆದರೂ ಮೊದಲ ತಿಂಗಳ ಮುಕ್ತಾಯದಂದು ಸಿಸ್ಟಮ್ ನಿಂತೇಹೋಯಿತು. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಡುವ ಸಂಪರ್ಕಗಳ ಗುಂಪು) 50ರಿಂದ 500ಕ್ಕೆ ಏರಿಸಿದೆವು, ಇನ್ನೂ ಹದಗೆಟ್ಟಿತು.

ಉತ್ತರ: 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಸರಳ ಸೂತ್ರವಿದೆ: ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ಸೆಕೆಂಡಿಗೆ 200 ಕೋರಿಕೆ, ಒಂದಕ್ಕೆ 0.05 ಸೆಕೆಂಡ್ ಆದರೆ 10 ಕನೆಕ್ಷನ್ ಸಾಕು. ತಿಂಗಳ ಕೊನೆಯ ಬ್ಯಾಚ್ (ಒಟ್ಟಿಗೆ ಓಡುವ ದೊಡ್ಡ ಕೆಲಸ) ಬೇರೆಯವರು ಮುಟ್ಟದಂತೆ ಡೇಟಾಗೆ ಲಾಕ್ ಹಿಡಿದು ಕೂತು ಅದೇ ಕೋರಿಕೆ 0.4 ಸೆಕೆಂಡ್ ಆದರೆ 80 ಬೇಕು. ಪೂಲ್ 50, ಸಾಲು ಬೆಳೆಯಿತು. ಅದನ್ನು 500 ಮಾಡಿದಾಗ ಬಾಗಿಲು ಅಗಲವಾಯಿತು, ಒಳಗಿನ ಕೋಣೆ ಅಷ್ಟೇ ಉಳಿಯಿತು. ಡೇಟಾಬೇಸ್‌ನ ಪ್ರೊಸೆಸರ್‌ಗಳು ಕೆಲಸಕ್ಕಿಂತ ಹೆಚ್ಚು ಸಮಯವನ್ನು ಒಂದರಿಂದ ಇನ್ನೊಂದಕ್ಕೆ ಹೊರಳುವುದರಲ್ಲೇ ಕಳೆದವು. ಪೂಲ್ ಹಿಂದಕ್ಕೆ ಇಳಿಸಿ.

ಆಮೇಲೆ ಮರುಯತ್ನಗಳನ್ನು ನೋಡಿ. ವೆಬ್, ಸರ್ವಿಸ್, ಡೇಟಾಬೇಸ್ ಲೈಬ್ರರಿ ಮೂರು ಪದರಗಳೂ ತಲಾ ಮೂರು ಸಲ ಯತ್ನಿಸಿದರೆ ಒಂದು ಕ್ಲಿಕ್ 27 ಕ್ವೆರಿಗಳಾಗುತ್ತದೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳಾಗುತ್ತದೆ), ಅದೂ ಡೇಟಾಬೇಸ್ ಉಸಿರುಗಟ್ಟಿದ ಹೊತ್ತಿನಲ್ಲೇ. ಒಂದೇ ಪದರ ಮರುಯತ್ನಿಸಲಿ, ಪ್ರತಿ ಸಲ ಕಾಯುವ ಸಮಯ ದುಪ್ಪಟ್ಟಾಗಲಿ, ಎಲ್ಲರೂ ಒಂದೇ ಕ್ಷಣಕ್ಕೆ ಮರಳದಂತೆ ಅದಕ್ಕೆ ಸ್ವಲ್ಪ ಏರುಪೇರು ಸೇರಿಸಿ.

ಬ್ಯಾಚನ್ನು ಒಂದೇ ದೊಡ್ಡ ಟ್ರಾನ್ಸಾಕ್ಷನ್ ಆಗಿ ಓಡಿಸುತ್ತಿದ್ದರೆ ಸಾವಿರ ಸಾವಿರ ಸಾಲಿಗೆ ಕಮಿಟ್ ಮಾಡುವಂತೆ ಒಡೆಯಿರಿ, ನಿಂತಲ್ಲಿಂದ ಮುಂದುವರಿಯುವ ಗುರುತು ಇಡಿ. ರಿಪೋರ್ಟ್‌ಗಳನ್ನು ರೆಪ್ಲಿಕಾಗೆ (ಡೇಟಾಬೇಸ್‌ನ ಓದಲಷ್ಟೇ ಇರುವ ಪ್ರತಿಗೆ) ಕಳಿಸಿ.

ಟೆಸ್ಟ್ ಪಾಸಾದದ್ದು ಹೇಗೆ? ಟೆಸ್ಟ್ ಡೇಟಾಬೇಸ್‌ನಲ್ಲಿ ಹತ್ತು ಸಾವಿರ ಸಾಲಿರುತ್ತದೆ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ ಕ್ವೆರಿಯೂ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಲ್ಲಿ ಎಲ್ಲ ಗ್ರಾಹಕರಿಗೂ ಸಮನಾಗಿ ಹತ್ತು ಹತ್ತು ಆರ್ಡರ್ ಹಂಚಿರುತ್ತಾರೆ. ನಿಜದಲ್ಲಿ ಒಬ್ಬರೇ ಗ್ರಾಹಕರ ಹೆಸರಿನಲ್ಲಿ ಮೂರರಲ್ಲೊಂದು ಪಾಲು ಇರಬಹುದು, ಆ ಒಬ್ಬರ ಪುಟವೇ ತೆರೆಯುವುದಿಲ್ಲ. ಸರಾಸರಿ ಸಮಯ ನೋಡಿ ಪಾಸ್ ಮಾಡಿದ್ದರೆ ಅದೂ ಮೋಸ. ಒಂದು ಪುಟ 20 ಕರೆ ಮಾಡುತ್ತದೆ, ಪ್ರತಿ ಕರೆಯೂ ನೂರಕ್ಕೆ ಒಂದು ಸಲ ನಿಧಾನ ಎಂದರೆ, ನೂರು ಜನರಲ್ಲಿ 18 ಜನರಿಗೆ ಪುಟ ನಿಧಾನವಾಗುತ್ತದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಡೇಟಾವನ್ನು ಹೊಸ ವೇದಿಕೆಗೆ ಸಾಗಿಸಿತು. ಡೇಟಾ ಸರಿಯಾಗಿಯೇ ಹೋಯಿತು. ಕೂಡಲೇ ಕುಸಿದದ್ದು ವೇದಿಕೆ. ನಿಯಂತ್ರಕ ಸಂಸ್ಥೆಗಳು 2022ರಲ್ಲಿ ಹಾಕಿದ ದಂಡ 4.8 ಕೋಟಿ ಪೌಂಡ್‌ಗೂ ಮೇಲೆ. ಮುಂದಿನ ಟೆಸ್ಟನ್ನು ಪೂರ್ತಿ ಗಾತ್ರದ ಡೇಟಾ ಮೇಲೆ, ಹೆಸರು ಮರೆಮಾಡಿ, ತಿಂಗಳ ಮುಕ್ತಾಯದ ಬ್ಯಾಚ್ ಓಡುತ್ತಿರುವಾಗಲೇ ನಡೆಸಿ.

ಪ್ರಶ್ನೆ: ಬಳಸದ ಹಳೆಯ ಕೋಡ್ ಸಾಕಷ್ಟಿದೆ, ಫ್ಲ್ಯಾಗ್ (ಕೋಡನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ ಆಫ್ ಮಾಡಿಟ್ಟಿದ್ದೇವೆ. ಇದ್ದರೆ ನಷ್ಟವೇನು?

ಉತ್ತರ: ಷೇರು ವ್ಯವಹಾರದ ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ವರ್ಷಗಳಿಂದ ಬಳಸದ ಕೋಡ್‌ನ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಮತ್ತೆ ಉಪಯೋಗಿಸಿದ್ದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ ಆ ಫ್ಲ್ಯಾಗ್ ಹಳೆಯ ಕೋಡನ್ನು ಎಬ್ಬಿಸಿತು. ಗಾಬರಿಯಲ್ಲಿ ಸರಿಯಿದ್ದ ಏಳರಿಂದಲೂ ಹೊಸ ಕೋಡ್ ತೆಗೆದರು. ಅಲ್ಲೂ ಹಳೆಯದು ಎದ್ದಿತು.

ಪ್ರತಿ ಫ್ಲ್ಯಾಗ್‌ಗೂ ಹುಟ್ಟುವಾಗಲೇ ಒಬ್ಬ ಹೊಣೆಗಾರ, ಒಂದು ಕೊನೆಯ ದಿನಾಂಕ ಇರಲಿ. ಒಮ್ಮೆ ಬಳಸಿದ ಹೆಸರನ್ನು ಮತ್ತೆ ಬಳಸಬೇಡಿ. ತೆಗೆಯುವಾಗ ಮೊದಲು ಹಳೆಯ ಕೋಡಿನ ಬಾಯಲ್ಲಿ ಒಂದು ಲಾಗ್ ಸಾಲು ಹಾಕಿ ತ್ರೈಮಾಸಿಕ ಮುಕ್ತಾಯ ದಾಟುವವರೆಗೆ ಕಾಯಿರಿ. ಒಂದು ಸಲವೂ ಬಾರದಿದ್ದರೆ ಕೋಡ್ ತೆಗೆಯಿರಿ, ಮುಂದಿನ ಬಿಡುಗಡೆಯಲ್ಲಿ ಫ್ಲ್ಯಾಗ್ ತೆಗೆಯಿರಿ, ಅದರ ಮುಂದಿನದರಲ್ಲಿ ಡೇಟಾಬೇಸ್ ಕಾಲಂ. ಬಿಡುಗಡೆಯ ನಂತರ ಎಲ್ಲ ಸರ್ವರ್‌ಗಳೂ ತಮ್ಮ ಆವೃತ್ತಿ ಸಂಖ್ಯೆ ಹೇಳಲಿ, ಒಂದು ಬೇರೆಯಾದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ.